ವಸುಮತಿ ಅತ್ತೆಯ ಬೆಕ್ಕುಗಳೂ ಪುತ್ತೂರಿನ ಬಸ್ಸೂ

ಇದರಲ್ಲಿ ಒಂದು ಮಾತೂ ಸುಳ್ಳಿಲ್ಲ. ನಂಬಿಕೆ ಬಾರದವರು ಸಂಪಾಜೆಗೆ ಹೋಗಿ ಯಾವ ಬೆಕ್ಕನ್ನು ಬೇಕಾದರೂ ಕೇಳಬಹುದು. ಮಡಿಕೇರಿಯಿಂದ ಪುತ್ತೂರಿಗೆ ಹೋಗುವ ಬಸ್ಸು ಆ ಆದಿತ್ಯವಾರ ಮಧ್ಯಾಹ್ನ ವಸುಮತಿ ಅತ್ತೆಯ ಮನೆಯೆದುರು ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಕರಿಬೆಕ್ಕೊಂದು ಅಡ್ಡ ಹೋಗಿತ್ತು. ಡ್ರೈವರ್ ದೇರಣ್ಣ ಇಂಜಿನು ಬಂದ್ ಮಾಡಿ, ಬೀಡಿ ಹಚ್ಚಿ, ಕಾಲ ಮೇಲೆ ಕಾಲು ಹಾಕಿ ಕೂತ.

ಹಿಂದಿನ ಸ್ಟಾಪಿನಲ್ಲೇ ಹತ್ತಿ ಕಿಟಕಿ ಹತ್ತಿರ ಕೂತಿದ್ದ ಅತ್ತೆಯ ಸೋದರಳಿಯ ಯಜ್ಞೇಶ್ವರನಿಗೆ ಮುಳ್ಳಿನ ಮೇಲೆ ಕೂತ ಹಾಗಾಯಿತು. ಅವನು ಕುಂಬ್ರಕ್ಕೆ ಹೆಣ್ಣು ನೋಡಲು ಹೊರಟವ. ನಾಲ್ಕೂವರೆಗೆ ರಾಹುಕಾಲ ಹಿಡಿಯುವ ಮೊದಲು ಬಂದರೆ ಮಾತ್ರ ಹುಡುಗಿಯನ್ನು ಹೊರಗೆ ಕರೆಯುದು ಅಂತ ಅವಳ ಅಜ್ಜಿಯ ಕಟ್ಟಪ್ಪಣೆ. ತಲೆಯಲ್ಲಿ ಕೂದಲಿರುವಾಗ ಸಿಕ್ಕಿದ ಕೊನೆಯ ಸಂಬಂಧ ಇದು. ಇದೂ ತಪ್ಪಿದರೆ ಅವನಿಗೆ ಬೆಕ್ಕುಗಳೇ ಗತಿ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ಸುಳ್ಯದ ಕಡೆಯವರು ಮನೆಯಲ್ಲಿ ಬೆಕ್ಕು ಹೆಚ್ಚಾದರೆ ಗೋಣಿಯಲ್ಲಿ ಕಟ್ಟಿ ತಂದು ಸಂಪಾಜೆಯಲ್ಲಿ ಬಿಡುದು. ಕೊಡಗಿನವರೂ ಸಂಪಾಜೆಯಲ್ಲೇ ಬಿಡುದು. ಗಡಿಗೆ ಬಂದ ಬೆಕ್ಕಿಗೆ ದಾರಿ ತಪ್ಪುತ್ತದೆ ಅಂತ ಎರಡು ಕಡೆಯವರಿಗೂ ನಂಬಿಕೆ. ತಪ್ಪಿದವೆಲ್ಲ ಬಂದು ಸೇರುತ್ತಿದ್ದದ್ದು ಅತ್ತೆಯ ಜಗಲಿಗೆ. ಎಷ್ಟು ಉಂಟು ಅಂತ ಎಣಿಸಿದವರಿಲ್ಲ; ಅವು ಹಸಿದು ಕೂಗಿದರೆ ಮಡಿಕೇರಿಯಲ್ಲಿ ತೊಟ್ಟಿಲ ಮಕ್ಕಳು ಏಳುತ್ತಿದ್ದವು. ಅನ್ನ ಬೇಯಿಸಿ, ಮಜ್ಜಿಗೆ ಕಲಸಿ, ಬಾಳೆಲೆ ಹಾಕುದು ಯಜ್ಞೇಶ್ವರನ ಕೆಲಸ. ಎರಡು ದಿನ ಇದ್ದು ಹೋಗಲು ಬಂದವ, ಮೂರು ಮಳೆಗಾಲ ಕಳೆದಿದ್ದ. ಈ ಭಟ್ಟರ ಮನೆಯ ಮಜ್ಜಿಗೆ ಅನ್ನ ಮುಗಿಸಿದ ಬೆಕ್ಕುಗಳು ಸೀದಾ ರಸ್ತೆ ದಾಟಿ ಕುಂಞಿ ಮೋನುವಿನ ಮೀನಿನ ಬುಟ್ಟಿಯೆದುರು ಹೋಗಿ ಕೂರುದು ಕ್ರಮ. ಹಾಗಾಗಿ ಬಸ್ಸು ಹೋದ ಮೇಲೆಯೇ ಅವುಗಳಿಗೆ ಊಟ. ಆ ದಿನ ಮಾತ್ರ ಅತ್ತೆ ತಾವೇ ಕೈಯಾರೆ, ಬಸ್ಸಿನ ಹಾರನ್ ಕೇಳುವ ಹೊತ್ತಿಗೇ ಬಡಿಸಿ ಮುಗಿಸಿದ್ದರು.

“ದೇರಣ್ಣ, ಹೊರಡು ಮಾರಾಯ! ಬೆಕ್ಕು ಹೋಗಿ ಆಯ್ತಲ್ಲ?”

“ಬೆಕ್ಕು ಹೋಯ್ತು ಭಟ್ರೆ, ದೋಷ ಅಲ್ಲೇ ಬಿದ್ದುಕೊಂಡುಂಟು. ಬೇರೆ ಯಾರಾದ್ರೂ ಮೊದಲು ದಾಟಲಿ. ಅದು ಅವರ ತಲೆಗೆ ಹೋಗ್ತದೆ.”

“ಹಾಗಾದ್ರೆ ಯಾರನ್ನಾದ್ರೂ ದಾಟಿಸು!”

“ಯಾರಿಗೆ ಹೇಳುದು? ಎಲ್ಲರಿಗೂ ಹೆಂಡತಿ ಮಕ್ಕಳು ಉಂಟು.”

ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ ಯಜ್ಞೇಶ್ವರನ ಕಡೆ ನೋಡಿದರು.

ಅವನು ಹಲ್ಲು ಕಚ್ಚಿಕೊಂಡು ಇಳಿದ. ಹೊಸ ಪಂಚೆ ಎತ್ತಿ ಹಿಡಿದು ಬಸ್ಸಿನ ಮುಂದಿನಿಂದ ರಸ್ತೆ ದಾಟಿದ. ಇಂಜಿನು ಗುರ್ ಅಂದಿತು. ಓಡಿ ಬಂದು ಬಾಗಿಲು ಹಿಡಿದರೆ ಕಂಡಕ್ಟರ್ ಕೈ ಅಡ್ಡ ಹಾಕಿದ.

“ನೀವು ಬೇಡ ಭಟ್ರೆ.”

“ಎಂತ ಬೇಡ? ಟಿಕೇಟು ಉಂಟು!”

“ಈಗ ಟಿಕೇಟಿನೊಟ್ಟಿಗೆ ದೋಷವೂ ಉಂಟಲ್ಲ. ನಿಮ್ಮನ್ನು ಹತ್ತಿಸಿದ್ರೆ ಆ ಬೆಕ್ಕನ್ನೇ ಸೀಟಿನಲ್ಲಿ ಕೂರಿಸಿದ ಹಾಗೆ.”

ಬಸ್ಸು ಹೋಯಿತು. ಕಿಟಕಿಯಿಂದ ಅವನ ಕೊಡೆ ಹೊರಗೆ ಬಂದು ಬಿತ್ತು.

ಬಸ್ಸಿನ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದ ರವೂಫನ ಕಿತ್ತಳೆ ಲಾರಿಯೂ ಹೊರಟಿತು. ಯಜ್ಞೇಶ್ವರ ಎರಡೂ ಕೈ ಎತ್ತಿ ಅದರ ಮುಂದೆ ಈ ಬದಿಯಿಂದ ಆ ಬದಿಗೆ ಹಾರಿದ. ರವೂಫ್ ಬ್ರೇಕು ಒತ್ತಿದ ಹೊಡೆತಕ್ಕೆ ಲಾರಿ ನಿಂತಿತು, ಕಿತ್ತಳೆ ಮಾತ್ರ ನಿಲ್ಲದೆ ಕಲ್ಲುಗುಂಡಿಯವರೆಗೆ ಉರುಳಿ ಹೋಯಿತು.

“ರವೂಫ್, ಕುಂಬ್ರಕ್ಕೆ ಮುಟ್ಟಿಸು ಮಾರಾಯ, ಪುಣ್ಯ ಬರ್ತದೆ!”

ರವೂಫ್ ಅವನ ಮುಖ ನೋಡಲೇ ಇಲ್ಲ. ಇಂಜಿನು ಬಂದ್ ಮಾಡಿ, ಜಗಲಿಯಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ, “ಅಮ್ಮ, ಇವರು ಅಡ್ಡ ಹೋದ್ರು. ಇವರು ಹೋದ ಜಾಗದಲ್ಲಿ ಒಂದು ಬೆಕ್ಕು ದಾಟಿಸಿ ಕೊಡ್ತೀರಾ? ನನಗೆ ಹೊತ್ತಾಯ್ತು” ಅಂದ.

ಯಜ್ಞೇಶ್ವರ ಜಗಲಿಯ ಮೆಟ್ಟಿಲಿಗೆ ಬಂದು ನಿಂತ. “ಅತ್ತೆ, ನೀವಾದ್ರೂ ಒಂದು ಮಾತು ಹೇಳಿ. ಇಷ್ಟು ದಿನ ನಿಮ್ಮ ಬೆಕ್ಕುಗಳಿಗೆ ಅನ್ನ ಹಾಕಿದವ ನಾನು. ನನಗೂ ಒಂದು ಮದುವೆ, ಒಂದು ಮನೆ ಅಂತ—”

ಅತ್ತೆ ಎದ್ದು ಹೋಗಿ ಆಗಿತ್ತು. ಒಕ್ಕಣ್ಣಿನ ಬೆಕ್ಕೊಂದನ್ನು ಕಂಕುಳಲ್ಲಿ ಇರುಕಿಕೊಂಡು ರಸ್ತೆಯ ಅಂಚಿಗೆ ನಡೆದು, ಸೆರಗಿನಿಂದ ಅದರ ಮೂತಿ ಒರೆಸಿ, ಮೆಲ್ಲನೆ ಕೆಳಗೆ ಬಿಟ್ಟರು. ಬೆಕ್ಕು ಯಜ್ಞೇಶ್ವರ ದಾಟಿದ್ದ ಜಾಗದವರೆಗೆ ಹೋಯಿತು. ಅಲ್ಲಿ ನಿಂತು, ಮಣ್ಣು ಮೂಸಿ, ತಿರುಗಿ ಅವನನ್ನೊಮ್ಮೆ ನೋಡಿತು. ಆಮೇಲೆ ದಾಟದೆ ವಾಪಸು ಬಂತು.