ನಡುವೆ ಒಂದು ಸ್ಟೂಲು

ವಾರ್ಡಿನೊಳಗೆ ಕಾಲಿಟ್ಟ ದುಭಾಷಿ, ಮಂಚದ ಮೇಲೆ ನರಳುತ್ತಿದ್ದ ವೃದ್ಧೆಯನ್ನು ಕಂಡವನೇ ಗೋಡೆಯತ್ತ ತಿರುಗಿ ನಿಂತ. ಆಕೆಯೂ ನರಳಾಟವನ್ನು ನುಂಗಿಕೊಂಡು ಹೊದಿಕೆಯನ್ನು ಮುಖದ ಮೇಲೆಳೆದುಕೊಂಡಳು.

"ಇದೇನ್ರೀ ಕಣ್ಣಾಮುಚ್ಚಾಲೆ?" ಬೆಳಗಿನಿಂದ ನಿಂತೇ ಇದ್ದ ಡಾಕ್ಟರ್ ಸಿಡುಕಿದರು. "ನೋವು ಯಾವಾಗ ಶುರುವಾಯ್ತು, ಕೇಳಿ."

"ಆಗಲ್ಲ ಸಾರ್. ಅವರು ನನ್ನ ಹೆಂಡತಿ ತಾಯಿ. ನಮ್ಮ ಜನದಲ್ಲಿ ಅತ್ತೆ ಅಳಿಯ ಮುಖ ನೋಡೋ ಹಾಗಿಲ್ಲ, ಮಾತಾಡೋ ಹಾಗಿಲ್ಲ."

ಕಾಡು ಬಿಟ್ಟು ನಗರ ಸೇರಿದವರಿಗೆ ಅವರದೇ ಭಾಷೆಯಲ್ಲಿ ಚಿಕಿತ್ಸೆ ಎಂಬ ಹೊಸ ಯೋಜನೆಯಲ್ಲಿ ಆಸ್ಪತ್ರೆಗೆ ದಕ್ಕಿದ್ದ ದುಭಾಷಿ ಇವನೊಬ್ಬನೇ.

"ಕೆಲಸಕ್ಕೆ ಸೇರುವಾಗ್ಲೇ ಇದನ್ನ ಹೇಳೋಕೇನಾಗಿತ್ತು?"

"ಭಾಷೆ ಬರುತ್ತಾ ಅಂತ ಕೇಳಿದ್ರು. ಯಾರ ಅಳಿಯ ಅಂತ ಯಾರೂ ಕೇಳ್ಲಿಲ್ಲ."

ಕೇಳಿ ಹೇಳೋಣವೆಂದರೆ ಅವನ ಹೆಂಡತಿಯೂ ಫೋನ್ ಎತ್ತುತ್ತಿರಲಿಲ್ಲ. ವೃದ್ಧೆಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು.

ಹಿರಿಯ ಸಿಸ್ಟರ್ ಸೆರಗಿನಿಂದ ಮುಖವೊರೆಸಿಕೊಂಡರು. "ಅಲ್ಲಪ್ಪಾ, ಮನೆಗೆ ಬೆಂಕಿ ಬಿದ್ರೆ ಅತ್ತೆಗೆ ಹೇಗೆ ಹೇಳ್ತೀಯಾ?"

"ನಾಯಿಗೆ ಹೇಳ್ತೀನಿ, ಸಿಸ್ಟರ್. ಅವರಿಗೆ ಕೇಳಿಸೋ ಹಾಗೆ."

ಸಿಸ್ಟರ್ ಸ್ಟೂಲನ್ನು ಇಬ್ಬರ ನಡುವೆ ಎಳೆದು, ಉಸ್ಸೆಂದು ಕುಳಿತರು. "ನನ್ನನ್ನೇ ನಾಯಿ ಅಂದ್ಕೋ. ಹೇಗೂ ಕೂರೋಕೊಂದು ನೆಪ ಬೇಕಿತ್ತು."

ದುಭಾಷಿ ಮಂಚದ ಪಕ್ಕದ ಪರದೆಯಾಚೆ ಸರಿದು ಸಿಸ್ಟರ್ ಬೆನ್ನಿಗೆ ಪ್ರಶ್ನೆ ಹೇಳಿದ. ಹೊದಿಕೆ ಅಲುಗಿತು. ವೃದ್ಧೆ ಸಿಸ್ಟರ್ ಕೈ ಹಿಡಿದು, ಅವರಿಗೆ ಅರ್ಥವಾಗದ ಭಾಷೆಯಲ್ಲಿ ಅವರಿಗೇ ಉತ್ತರಿಸತೊಡಗಿದಳು.

"ನಿನ್ನೆಯಿಂದ ಬಲಗಡೆ ನೋವಂತೆ. ಮಧ್ಯಾಹ್ನ ತಟ್ಟನೆ ನಿಂತುಹೋಯ್ತಂತೆ."

"ಸದ್ಯ!" ಎಂದರು ಸಿಸ್ಟರ್.

"ಈಗ ಹೊಟ್ಟೆಯೆಲ್ಲಾ ಉರಿಯಂತೆ."

ಡಾಕ್ಟರ್ ಮುಖ ಬಿಳಿಚಿತು. "ಅಪೆಂಡಿಕ್ಸ್ ಒಳಗೇ ಒಡೆದುಹೋಗಿದೆ! ಈಗ್ಲೇ ಕೊಯ್ಯಬೇಕು. ಒಪ್ತಾರಾ, ಕೇಳಿ."

ಪ್ರಶ್ನೆ ಸಿಸ್ಟರನ್ನು ಹಾದುಹೋಯಿತು. ವೃದ್ಧೆ ಬಹಳ ಹೊತ್ತು, ತಡೆತಡೆದು ಮಾತಾಡಿದಳು.

"ಏನಂತೆ?" ಡಾಕ್ಟರ್ ಅವಸರಪಡಿಸಿದರು.

"ಒಪ್ಪಿದ್ದಾರೆ."

"ಅಷ್ಟೇನಾ? ಅಷ್ಟೊಂದು ಹೇಳಿದ್ರಲ್ಲೋ!"

"ಉಳಿದಿದ್ದು ನಿಮಗಲ್ಲ, ಸಿಸ್ಟರ್."

ಗಾಲಿಮಂಚ ಉರುಳಿತು. ಸಿಸ್ಟರ್ ಸೊಂಟ ಹಿಡಿದುಕೊಂಡು ಎದ್ದು ಅದರ ಹಿಂದೆ ಓಡಿದರು. ಅದಿನ್ನೂ ಬಾಗಿಲು ದಾಟಿರಲಿಲ್ಲ. ದುಭಾಷಿ ಪರದೆ ಸರಿಸಿ ಬಂದು, ತಲೆ ತಗ್ಗಿಸಿ, ಇಡೀ ವಾರ್ಡಿಗೆ ಕೇಳಿಸುವಂತೆ, ಖಾಲಿ ಸ್ಟೂಲಿಗೆ ಉತ್ತರ ಹೇಳಿದ.