ಎಣ್ಣೆಕೈ

ಹುರಿದ ಶೇಂಗಾದ ವಾಸನೆ ಬಂದರೆ ಈಗಲೂ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ.

ಅವ್ವ ಚಳ್ಳಕೆರೆಯ ಎಣ್ಣೆ ಗಿರಣಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ಮೊಳಕಾಲ್ಮೂರಿನಲ್ಲಿ ಬಸ್ಸಿಳಿದು ಮನೆಗೆ ಬಂದವಳೇ ನನ್ನನ್ನು ಎತ್ತಿಕೊಳ್ಳುತ್ತಿದ್ದಳು; ಸೀರೆಯೆಲ್ಲ ಶೇಂಗಾ ಘಮ. ಅಪ್ಪನ ತಾಯಿ ನಾಯನಮ್ಮನಿಗೆ ಅದು ಸರಿಬರಲಿಲ್ಲ.

"ಮಗೀನ ಬಿಟ್ಟು ದಿನಾ ಬಸ್ ಹತ್ತೋಳು ಎಂಥ ತಾಯಿಯೇ? ಮನೇಲಿ ಮಗ್ಗ ಖಾಲಿ ಐತೆ, ಕುಂತ್ಕ. ಮಗು ಕಣ್ಮುಂದೆ ಇರ್ತೈತೆ."

"ಕುಂತ್ಕಂತೀನಿ ಬಿಡ್ರಿ ಅತ್ತೆ. ಕಾಲು ಮಗ್ಗದ ಗುಂಡೀಲಿದ್ರೆ ಎಲ್ಲಿಗೆ ಹೋಗ್ಲಿ?"

ಅವಳು ನೆಲದ ಗುಂಡಿಗೆ ಕಾಲು ಇಳಿಬಿಟ್ಟು ಮಗ್ಗಕ್ಕೆ ಕುಳಿತ ಮೊದಲ ಮಧ್ಯಾಹ್ನ ಮಳೆ ಸುರಿಯುತ್ತಿತ್ತೆಂದು ಬರೆಯಹೊರಟಿದ್ದೆ. ಅದು ನಾನು ಆಮೇಲೆ ಸೇರಿಸಿಕೊಂಡದ್ದಿರಬೇಕು. ನಮ್ಮ ಕಡೆ ಮಳೆಯೆಲ್ಲಿ? ಶೇಂಗಾ ತಿನ್ನುತ್ತಿದ್ದ ನಾನು ಓಡಿಹೋಗಿ ಅವಳ ಕೊರಳಿಗೆ ಜೋತುಬಿದ್ದದ್ದು ಮಾತ್ರ ನಿಜ. ಅವ್ವ ಮೊಣಕೈಯಿಂದ ದೂಡಿದಳು.

"ಎಣ್ಣೆಕೈ. ರೇಷ್ಮೆಗೆ ಕಲೆ ಬಿದ್ರೆ ಸೀರೆ ಹೋತು. ದೂರ ನಿಂತ್ಕ."

"ನೋಡೇ ಪಿಲ್ಲ," ನಾಯನಮ್ಮ ನನ್ನ ಕಡೆ ತಿರುಗಿ ನಕ್ಕರು, "ಇನ್ನ ಮನೇಲೇ ಇರ್ತಾಳೆ ನಿಮ್ಮವ್ವ."

ಕೈಗಳನ್ನು ಹಿಂದೆ ಕಟ್ಟಿಕೊಂಡು ಅವಳ ಬೆನ್ನು ನೋಡುತ್ತ ನಿಂತೆ. ಸಂಜೆ, ಅವಳ ಮಗ್ಗ ಇನ್ನೂ ಸದ್ದು ಮಾಡುತ್ತಿರುವಾಗಲೇ, ಚಳ್ಳಕೆರೆ ಬಸ್ಸಿನ ಹಾರ್ನ್ ಕೇಳಿತು. ಅವ್ವ ಬಂದಳೆಂದು ಬಾಗಿಲಿಗೆ ಓಡಿದೆ.