ಹೋಗಲು ಎರಡು, ಬರಲು ಒಂದು

"ಹೋಗೋಕೆ ಎರಡು ಟಿಕೆಟ್. ಬರೋಕೆ ಒಂದು ಸಾಕು," ಎಂದರು ಹಲ್ಲಿನ ಡಾಕ್ಟರು. ಹೇಳುತ್ತಲೇ ಕಿರುಬೆರಳನ್ನು ಕಿವಿಯೊಳಗೆ ತಿರುಗಿಸಿ, ಹೊರಬಂದದ್ದನ್ನು ಒಮ್ಮೆ ಕಣ್ಣಾರೆ ನೋಡಿ, ಮೇಜಿನ ಮೇಲಿದ್ದ ಬಂದರು ನಗರದ ಬಣ್ಣದ ಪುಸ್ತಿಕೆಗೆ ಒರೆಸಿದರು.

ಟಿಕೆಟ್ ಮಾಡುವವಳು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು. ಇಪ್ಪತ್ತೆರಡು ವರ್ಷದಿಂದ ಆ ಟ್ರಾವೆಲ್ ಆಫೀಸಿನ ಇದೇ ಕುರ್ಚಿಯಲ್ಲಿ ಕೂತು ಊರಿನವರನ್ನೆಲ್ಲ ಸಮುದ್ರ ದಾಟಿಸಿದ್ದಳು. ಜಂಬದವರು, ಜಗಳಗಂಟರು, ವಿಮಾನದ ಚಮಚ ಕದ್ದು ತಂದು ತೋರಿಸುವವರು, ಎಲ್ಲರನ್ನೂ ಕಂಡವಳು. ಇಂಥ ಅಸಹ್ಯದ ಮನುಷ್ಯನನ್ನು ಮಾತ್ರ ಕಂಡಿರಲಿಲ್ಲ.

ಆದರೂ ಅವರ ಮುಖವನ್ನೇ ನೋಡಬೇಕಿತ್ತು. ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಕಲಿಸಿದ ಪಾಠ ಅದು: "ಮಾತಾಡೋರು ಗಿರಾಕಿ, ಸುಮ್ನೆ ಕೂತೋರು ಲಗೇಜು." ಕೇಳಲು ಹೊಲಸಾಗಿದ್ದರೂ ಆ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ.

ಲಗೇಜು ಪಕ್ಕದ ಕುರ್ಚಿಯಲ್ಲಿತ್ತು. ಡಾಕ್ಟರ ಹೆಂಡತಿ, ಅರವತ್ತು ದಾಟಿದವರು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು.

ಡಾಕ್ಟರು ಚೀಟಿ ಹಿಡಿದು ಒಂದೊಂದಾಗಿ ಓದಿದರು. ಡಾಕ್ಟರ ಕೈಬರಹ ಇಷ್ಟು ಗುಂಡಗೆ, ಮುದ್ದಾಗಿ ಇರಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಲು ಬಂದರು ನಗರದಲ್ಲಿ ಹತ್ತು ದಿನ. ಓಡಾಟ ಕೂಡದು, ಎಲ್ಲವೂ ನಿಧಾನ. ಹಡಗುಕಟ್ಟೆಗೆ ಎದುರಾಗಿ ಹೋಟೆಲು. ಆಮೇಲೆ ಹನ್ನೆರಡೇ ಕೋಣೆಗಳ ಸಣ್ಣ ಹಡಗು, ಒಂದೊಂದೇ ದ್ವೀಪ. ಒಟ್ಟು ನಲವತ್ತು ದಿನ.

"ಹಡಗಿನ ಕೋಣೆಗೆ ಬಾಲ್ಕನಿ ಇದೆಯಾ? ಕಟಕಟೆ ಎಷ್ಟೆತ್ತರ?"

"ಸೊಂಟದವರೆಗೆ ಬರುತ್ತೆ ಸರ್."

ಎರಡು ನಿಮಿಷ ಬಿಟ್ಟು ಅದನ್ನೇ ಕೇಳಿದರು. ಮತ್ತೊಮ್ಮೆ ಕೇಳಿದಾಗ ಅವಳು, "ಆಗಲೇ ಹೇಳಿದೆನಲ್ಲ ಸರ್," ಎಂದಳು. ಡಾಕ್ಟರು ಮೇಜು ಗುದ್ದಿದರು. ಹೆಂಡತಿಯ ಕಡೆ ತಿರುಗಿ, "ಯಾರು ಇವಳು?" ಎಂದರು.

ಅವಳ ಮೈಯೆಲ್ಲ ಉರಿಯಿತು. ಹೆಂಡತಿ ಚೀಟಿಯ ಮೇಲೆ ಮೆಲ್ಲಗೆ ಬೆರಳಿಟ್ಟರು, ಅಷ್ಟೆ. ಪಾಪ, ಗಂಡನಿಗೆ ಬುದ್ಧಿ ಹೇಳುವುದಕ್ಕೂ ಬೆರಳೇ ಗತಿ.

"ವಿಮಾನದಲ್ಲಿ ನನಗೆ ಮುಂದೆ ಅಗಲವಾದ ಸೀಟು. ಇವಳಿಗೆ ಹಿಂದೆ, ಎಲ್ಲಾದ್ರೂ."

"ಹನ್ನೆರಡು ಗಂಟೆ ಪ್ರಯಾಣ ಸರ್. ಜೊತೆಗೆ ಕೂರೋದು ಬೇಡ್ವಾ?"

"ಬೇಡ." ಡಾಕ್ಟರು ಚೀಟಿಯ ಮುಂದಿನ ಸಾಲಿಗೆ ಬಂದರು. "ಹೊರದೇಶದಲ್ಲಿ ಒಬ್ರು ಸತ್ತರೆ ಹೆಣ ವಾಪಸ್ ತರಲೇಬೇಕಾ? ಅಲ್ಲೇ ಮುಗಿಸಬಹುದಾ?"

ಮೀನಿನ ಬೆಲೆ ವಿಚಾರಿಸುವ ದನಿಯಲ್ಲಿ ಕೇಳಿದರು. ಕುಡಿಯುತ್ತಿದ್ದ ಚಹಾ ಗದ್ದದ ಮೇಲೆ ಹರಿದು, ಗುಂಡಿ ತಪ್ಪಿಸಿ ಹಾಕಿದ ಅಂಗಿಯೊಳಗೆ ಇಳಿಯಿತು. ಹೆಂಡತಿ ಕರವಸ್ತ್ರ ತೆಗೆದು ಒರೆಸಿದರು. ತನ್ನ ಹೆಣದ ವಿಲೇವಾರಿ ಕೇಳಿದ ಬಾಯನ್ನು ಒರೆಸುವ ಆ ಕೈಯನ್ನು ನೋಡಿ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಸಹನೆಗೂ ಒಂದು ಮಿತಿ ಬೇಡವೇ?

ಹೆಸರು, ಪಾಸ್‌ಪೋರ್ಟು ನಾಳೆ ಕೊಡುತ್ತೇವೆಂದು ಡಾಕ್ಟರು ಚೀಟಿಯ ಕೊನೆಯ ಸಾಲು ಓದಿ ಎದ್ದರು. ಅವರು ಹೋದ ಮೇಲೆ ಅವಳು ಮೇಜನ್ನು ಎರಡು ಸಲ ಒರೆಸಿದಳು. ಪುಸ್ತಿಕೆಯನ್ನು ತುದಿಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದಳು. ಮಧ್ಯಾಹ್ನ ಯಜಮಾನರ ಬಳಿ ಹೋಗಿ ಎಲ್ಲ ಹೇಳಿದಳು. ಕಣ್ಣಾರೆ ಕಂಡೂ ಆ ಟಿಕೆಟ್ ಮಾಡಿಕೊಟ್ಟರೆ, ಆ ಹೆಂಗಸನ್ನು ಸಮುದ್ರಕ್ಕೆ ತಳ್ಳುವ ಕೈಗಳಲ್ಲಿ ತನ್ನದೂ ಒಂದು.

"ಊರ ಉಸಾಬರಿ ನಮಗ್ಯಾಕೆ?" ಎಂದರು ಯಜಮಾನರು. "ಗಂಡ ಹೆಂಡತಿ ವಿಷಯ."

"ಗಂಡ ಹೆಂಡತಿ ವಿಷಯ ಅಲ್ಲ ಸರ್. ಗಂಡ ಮತ್ತು ಹೆಣದ ವಿಷಯ."

ಮರುದಿನ ಬೆಳಿಗ್ಗೆ ಅವರ ಮನೆಗೆ ಫೋನು ಮಾಡಿದಳು. ಹೆಂಡತಿಯೇ ಎತ್ತಿದರು. ಒಂದು ಸಹಿ ಬೇಕು, ನೀವೊಬ್ಬರೇ ಬಂದರೆ ಸಾಕು ಎಂದು ಸುಳ್ಳು ಹೇಳಿ ಕರೆಸಿಕೊಂಡಳು. ಅವರು ಬಂದು ಅದೇ ಕುರ್ಚಿಯಲ್ಲಿ, ಅದೇ ರೀತಿ ತಲೆ ತಗ್ಗಿಸಿ ಕೂತರು. ಅವಳು ಬಾಗಿಲು ಮುಚ್ಚಿ ಒಂದೇ ಉಸಿರಿಗೆ ಹೇಳಿದಳು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಈ ಪ್ರವಾಸ ಬೇಡ. ನಿಮ್ಮ ಯಜಮಾನ್ರ ಮನಸ್ಸಲ್ಲಿ ಏನೋ ಇದೆ. ಬಾಲ್ಕನಿ ಕೇಳ್ತಾರೆ, ಹೆಣ ಅಂತಾರೆ, ಬರೋಕೆ ಒಂದೇ ಟಿಕೆಟ್ ಅಂತಾರೆ. ನಿಮಗೆ ಭಯ ಆಗಲ್ವಾ? ಬೇಕಾದ್ರೆ ಪೊಲೀಸರ ಹತ್ರ ನಾನೇ ಬರ್ತೀನಿ."

ಹೆಂಡತಿ ಪೂರ್ತಿ ಕೇಳಿಸಿಕೊಂಡರು. ಮೊದಲ ಬಾರಿ ತಲೆ ಎತ್ತಿದರು. ಮೇಜಿನ ಮೇಲಿದ್ದ ಅವಳ ಕೈ ಹಿಡಿದುಕೊಂಡರು.

"ಎಷ್ಟು ಒಳ್ಳೆಯವಳಮ್ಮ ನೀನು. ನನಗೋಸ್ಕರ ಯಾರೂ ಇಷ್ಟು ಮರುಗಿರಲಿಲ್ಲ." ಅವರ ದನಿ ಮೆತ್ತಗಿತ್ತು. "ಆದ್ರೆ ಅವರ ಮನಸ್ಸಲ್ಲಿ ಏನೂ ಇಲ್ಲ. ಎರಡು ವರ್ಷ ಆಯ್ತು, ಎಲ್ಲಾ ಅಳಿಸಿಹೋಗಿದೆ. ನನ್ನ ಹೆಸರೂ ಗೊತ್ತಿಲ್ಲ. ಚೀಟಿ ಬರೆದು ಕೈಗೆ ಕೊಟ್ರೆ ಮಾತ್ರ ಗಿಣಿ ಥರ ಓದ್ತಾರೆ."

ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಹಿಡಿತ ಬಿಗಿಯಾಗಿತ್ತು.

"ಅಂಥದನ್ನೆಲ್ಲ ಹೆಂಡತಿ ಕೇಳಿದ್ರೆ ಚೆನ್ನಾಗಿರುತ್ತಾ, ನೀನೇ ಹೇಳು? ನಾಳೆ ಯಾರಾದ್ರೂ ಬಂದು ವಿಚಾರಿಸಿದ್ರೆ, ಈಗ ನನಗೆ ಹೇಳಿದ್ಯಲ್ಲ, ಅದನ್ನೇ ಅವರಿಗೂ ಹೇಳು. ಕಟಕಟೆ ಕೇಳಿದ್ದು ಅವರೇ ಅಂತ."

ಆಮೇಲೆ ಕೈ ಬಿಟ್ಟು, ಕೈಚೀಲ ತೆರೆದು, ಎರಡು ಪಾಸ್‌ಪೋರ್ಟುಗಳನ್ನು ಮೇಜಿನ ಮೇಲಿಟ್ಟು, ತಮ್ಮದನ್ನು ಅವಳತ್ತ ತಳ್ಳಿದರು.

"ಬರೋ ಟಿಕೆಟ್ ನನ್ನ ಹೆಸರಿಗೆ ಮಾಡಮ್ಮ, ಕಿಟಕಿ ಪಕ್ಕದ್ದೇ ಇರಲಿ."